ಉಗಾದಿಗೆ ಮುಂಚೆ ಮುಗಿಸಬೇಕಾದ ಕೆಲಸ: ಬೆಂಗಳೂರಿನ ಒಂದು ಶಾಲಾ ಕ್ಲಸ್ಟರಿನ ವರ್ಷದ ಕೊನೆ

ಸರ್ಕಾರಿ ಶಾಲೆಗಳಲ್ಲಿ ವರ್ಷದ ಕೊನೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಪರೀಕ್ಷೆ, ವಾರ್ಷಿಕೋತ್ಸವ, ಏಳನೇ ಕ್ಲಾಸಿನವರಿಗೆ ಬೀಳ್ಕೊಡುಗೆ, ಏಪ್ರಿಲ್ 10ಕ್ಕೆ ಪೋಷಕರನ್ನು ಕರೆದು ಮಕ್ಕಳ ಪ್ರಗತಿ ತೋರಿಸುವ ‘ಸಮುದಾಯದತ್ತ ಶಾಲೆ’, ಮಾರನೇ ದಿನದಿಂದ ಬೇಸಿಗೆ ರಜೆ. ಮೇ ಕೊನೆಗೆ ಮತ್ತೆ ಬಾಗಿಲು ತೆಗೆಯುತ್ತದೆ. ಈ ಪಟ್ಟಿಯಲ್ಲಿ ಒಂದು ಕೆಲಸ ಇರುವುದಿಲ್ಲ. ಈ ಶಾಲೆ ಮುಗಿಸಿದ ಮಗು ಮುಂದಿನ ಶಾಲೆಯಲ್ಲಿ ನಿಜಕ್ಕೂ ಕೂತಿದೆಯಾ ಅಂತ ನೋಡುವ ಕೆಲಸ. ಬೆಂಗಳೂರಿನ ಅಂಚಿನ ಶಾಲೆಗಳಿಗೆ ಅದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ನಂಬಿಕೆ. 2024ರ ಮಾರ್ಚ್‌ನಿಂದ ಜೂನ್‌ವರೆಗೆ ಒಂದು ಸಣ್ಣ ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಸರ್ಕಾರಿ ಶಾಲೆಗಳ ಗುಂಪು, ಇದನ್ನೇ ಮುಂದಿಟ್ಟುಕೊಂಡು ತನ್ನ ವರ್ಷ ಮುಗಿಸಿತು. ಏನಾಯಿತು, ಏನು ಆಗಲಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ನಾನು ಆ ಶಾಲೆಗಳಿಗೆ ಮಕ್ಕಳನ್ನು ಓದಿಸಲು ಹೋಗುವ ಸ್ವಯಂಸೇವಕಿ. ಶಾಲೆಗಳ ಹೆಸರು, ಜನರ ಹೆಸರು ಬೇಕೆಂದೇ ಬಿಟ್ಟಿದ್ದೇನೆ.

ಕ್ಲಸ್ಟರ್ ಹೇಗಿದೆ

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಜಿಲ್ಲೆಯ ಕೆಳಗೆ ಬ್ಲಾಕ್, ಬ್ಲಾಕಿನ ಕೆಳಗೆ ಕ್ಲಸ್ಟರ್. ಜಿಲ್ಲೆಗೆ ಡಿಡಿಪಿಐ (ಉಪನಿರ್ದೇಶಕರು), ಬ್ಲಾಕಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಕ್ಲಸ್ಟರಿಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ). ಮಕ್ಕಳ ಸ್ಪರ್ಧೆಗಳ ಹಬ್ಬವಾದ ಪ್ರತಿಭಾ ಕಾರಂಜಿಯಲ್ಲಿ ಶಾಲೆ ಶಾಲೆಗಳ ನಡುವಿನ ಮೊದಲ ಸುತ್ತು ನಡೆಯುವುದು ಕ್ಲಸ್ಟರ್ ಮಟ್ಟದಲ್ಲೇ. ಹಾಗಾಗಿ ಸುತ್ತಲಿನ ಶಾಲೆಗಳ ಮೇಷ್ಟ್ರುಗಳಿಗೆ, ಮಿಸ್‌ಗಳಿಗೆ ಪರಸ್ಪರ ಪರಿಚಯ ಇರುತ್ತದೆ. ಒಬ್ಬರ ಶಾಲೆಯ ಮೈಕ್ ಸೆಟ್ಟು ಇನ್ನೊಬ್ಬರ ಶಾಲೆಗೆ ಹೋಗುವಷ್ಟು ಸಲುಗೆ.

ಈ ಕ್ಲಸ್ಟರ್ ಇರುವುದು ನಗರದ ಪೂರ್ವದ ಅಂಚಿನಲ್ಲಿ, ವರ್ತೂರಿನಿಂದ ಸರ್ಜಾಪುರ ರಸ್ತೆಯ ಕಡೆ. ಹಿಂದೆ ರಾಗಿ ಹೊಲ, ತೋಪು ಇದ್ದ ಜಾಗ. ಈಗ ಎತ್ತರದ ಅಪಾರ್ಟ್‌ಮೆಂಟುಗಳು, ಅವುಗಳ ಪಕ್ಕದಲ್ಲೇ ತಗಡಿನ ಶೆಡ್ಡುಗಳು. ಶೆಡ್ಡಿನಲ್ಲಿ ಇರುವವರು ಆ ಅಪಾರ್ಟ್‌ಮೆಂಟ್ ಕಟ್ಟುವವರು. ಯಾದಗಿರಿ, ರಾಯಚೂರು ಜಿಲ್ಲೆಗಳ ಶಹಾಪುರ, ಸುರಪುರ, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬಂದ ಗಾರೆ ಕೆಲಸದವರು ಜಾಸ್ತಿ. ಬಿಹಾರ, ಒಡಿಶಾದವರೂ ಇದ್ದಾರೆ, ವಾಚ್‌ಮನ್ ಕೆಲಸಕ್ಕೆ ಬಂದ ನೇಪಾಳದ ಕುಟುಂಬಗಳೂ ಇವೆ. ಹಳೇ ಊರಿನ ಮನೆಗಳ ಮಕ್ಕಳು ಹೆಚ್ಚಿನವರು ಪ್ರೈವೇಟ್ ಶಾಲೆಗೆ ಹೋಗುತ್ತಾರೆ. ಹಾಗಾಗಿ ಸರ್ಕಾರಿ ಶಾಲೆ ಈಗ ಮುಖ್ಯವಾಗಿ ಶೆಡ್ಡಿನ ಮಕ್ಕಳದು.

ಏಳು ಶಾಲೆಗಳು. ಮೂರು ಕಿರಿಯ ಪ್ರಾಥಮಿಕ, ಅಂದರೆ 5ನೇ ಕ್ಲಾಸಿಗೆ ನಿಲ್ಲುತ್ತವೆ. ಮೂರು ಹಿರಿಯ ಪ್ರಾಥಮಿಕ. ಒಂದು ಪ್ರೌಢಶಾಲೆ. ಕಿರಿಯ ಶಾಲೆಗಳಲ್ಲಿ ಇಬ್ಬಿಬ್ಬರೇ ಟೀಚರ್‌ಗಳು. ಒಬ್ಬರು ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರಿಗೆ 4 ಮತ್ತು 5. ನಲಿ-ಕಲಿ ಅಂದರೆ 1ರಿಂದ 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದದ್ದು. ವರ್ಷದ ನಡುವೆ ಬಂದು ಸೇರುವ ಮಗುವಿಗೆ ಇದು ತುಂಬಾ ಅನುಕೂಲ, ಯಾಕೆಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಕಷ್ಟ ಬರುವುದು ಮುಂದೆ. 5 ಮುಗಿಸಿದ ಮಗು ಬೇರೆ ಶಾಲೆಗೆ ಹೋಗಬೇಕು. 7 ಮುಗಿಸಿದ ಮಗು ಮತ್ತೊಂದು ಶಾಲೆಗೆ. ಪ್ರತಿ ಸಲ ಟಿ.ಸಿ. (ವರ್ಗಾವಣೆ ಪತ್ರ), ಪ್ರತಿ ಸಲ ಹೊಸ ಗೇಟು. ಕೂಲಿ ಮಾಡುವ ಅಪ್ಪ ಅಮ್ಮನಿಗೆ ಪ್ರತಿ ಸಲ ಒಂದು ದಿನದ ಸಂಬಳ ಹೋಯಿತು.

ಪೆನ್ಸಿಲ್ ಗುರುತಿನ ಹಾಜರಿ ಪುಸ್ತಕ

ಮಾರ್ಚ್ ಮೊದಲ ವಾರ ಸಿಆರ್‌ಪಿ ಮುಖ್ಯಶಿಕ್ಷಕರ ಮೀಟಿಂಗ್ ಕರೆದರು. ವಿಷಯ ವಾರ್ಷಿಕೋತ್ಸವ ಮತ್ತು ಸುದ್ದಿ ಹಾಳೆ. ಈ ಕ್ಲಸ್ಟರಿನಲ್ಲಿ ವರ್ಷಕ್ಕೊಮ್ಮೆ ಎರಡು ಬದಿಯ ಒಂದು ಹಾಳೆ ಜೆರಾಕ್ಸ್ ಮಾಡಿ ಹಂಚುವ ರೂಢಿ ಇದೆ. ಪ್ರತಿಭಾ ಕಾರಂಜಿಯಲ್ಲಿ ಗೆದ್ದವರು, ಬ್ಯಾಗು ಕೊಟ್ಟ ದಾನಿಗಳು, ಪ್ರವಾಸದ ಫೋಟೊ, ಅಷ್ಟು.

ಒಂದು ಕಿರಿಯ ಶಾಲೆಯ ಮುಖ್ಯಶಿಕ್ಷಕಿ ಹೋದ ವರ್ಷದ 5ನೇ ಕ್ಲಾಸಿನ ಹಾಜರಿ ಪುಸ್ತಕ ತಂದಿದ್ದರು. ಪ್ರತಿ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು. ಸರಿ ಗುರುತು ಇದ್ದರೆ ಪಕ್ಕದ ಹಿರಿಯ ಶಾಲೆಯಲ್ಲಿ 6ಕ್ಕೆ ಸೇರಿದ್ದಾರೆ. ‘ಊ’ ಅಂತ ಬರೆದಿದ್ದರೆ ಊರಿಗೆ ಹೋಗಿ ಅಲ್ಲಿ ಸೇರಿದ್ದು ಖಾತ್ರಿಯಾಗಿದೆ. ಬರೀ ಸೊನ್ನೆ ಇದ್ದರೆ ಮಗು ಎಲ್ಲಿದೆ ಅಂತ ಗೊತ್ತಿಲ್ಲ. ಪುಟ ತಿರುವಿ ತಿರುವಿ ತೋರಿಸಿದರು. ಸೊನ್ನೆಗಳು ಕಡಿಮೆ ಏನೂ ಇರಲಿಲ್ಲ. ‘ಇವರೆಲ್ಲ ಓದು ಬಿಟ್ಟರು ಅಂತ ನಾನು ಹೇಳ್ತಿಲ್ಲ ಸರ್. ಆದರೆ ಓದ್ತಿದ್ದಾರೆ ಅಂತಾನೂ ನನಗೆ ಹೇಳೋಕೆ ಆಗಲ್ಲ’ ಅಂದರು.

ಮೀಟಿಂಗ್ ದಿಕ್ಕು ಬದಲಾದದ್ದು ಅಲ್ಲಿ. ಬೇರೆಯವರೂ ತಮ್ಮ ತಮ್ಮ ಕ್ಲಾಸಿನ ಹೆಸರು ನೆನಪು ಮಾಡಿಕೊಂಡರು. ಹೀಗೆ ಕಣ್ಮರೆಯಾದವರಲ್ಲಿ ಹೆಚ್ಚಿನವರು ಒಂದೇ ಹೊತ್ತಿಗೆ ಹೋದವರು. ಉಗಾದಿಗೆ ಊರಿಗೆ ಹೋದರು, ರಜೆ ಮುಗಿದ ಮೇಲೆ ಬರಲಿಲ್ಲ. ಅಥವಾ ಬಂದರು, ಆದರೆ ಬೇರೆ ಸೈಟಿಗೆ. ಅಲ್ಲಿನ ಶಾಲೆಯವರು ಟಿ.ಸಿ. ಕೇಳಿದರು. ಟಿ.ಸಿ. ತರಲು ಮತ್ತೆ ಇಲ್ಲಿಗೆ ಬರಬೇಕು. ಹಾಗೇ ದಿನ ಹೋಯಿತು.

ಕಾನೂನು ಇದರಲ್ಲಿ ಮಗುವಿನ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯಶಿಕ್ಷಕರು ಟಿ.ಸಿ.ಯನ್ನು ತಕ್ಷಣ ಕೊಡಬೇಕು. ಟಿ.ಸಿ. ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳುವುದನ್ನು ತಡ ಮಾಡುವಂತಿಲ್ಲ, ಇಲ್ಲ ಅನ್ನುವಂತೆಯೂ ಇಲ್ಲ. 4ನೇ ಸೆಕ್ಷನ್ ಪ್ರಕಾರ ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಇದು ಟೀಚರ್‌ಗಳಿಗೆ ಗೊತ್ತು. ಗೊತ್ತಿಲ್ಲದವರು ಅಪ್ಪ ಅಮ್ಮ. ಗೇಟಿನಲ್ಲಿ ‘ಟಿ.ಸಿ. ತಗೊಂಡ್ ಬನ್ನಿ’ ಅಂದರೆ ಅವರು ಸುಮ್ನೆ ವಾಪಸ್ ಹೋಗುತ್ತಾರೆ.

ಆ ವರ್ಷದ ಕ್ಯಾಲೆಂಡರ್

2024ರ ಆ ತಿಂಗಳುಗಳಷ್ಟು ಗೊಂದಲದ ವರ್ಷಾಂತ್ಯವನ್ನು ಟೀಚರ್‌ಗಳು ನೆನಪಿಟ್ಟುಕೊಂಡಿಲ್ಲ. 5, 8, 9ನೇ ಕ್ಲಾಸುಗಳಿಗೆ ರಾಜ್ಯ ಮಟ್ಟದ ಪರೀಕ್ಷೆ ಇತ್ತು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದು ಬೇಡ ಅಂದಿತು. ಮಾರನೇ ದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂತು, ಪರೀಕ್ಷೆ ನಡುವೆಯೇ ನಿಂತಿತು. 22ಕ್ಕೆ ವಿಭಾಗೀಯ ಪೀಠ ಮತ್ತೆ ಒಪ್ಪಿತು. 25ರಿಂದ ಉಳಿದ ವಿಷಯಗಳ ಪರೀಕ್ಷೆ. ಅದೇ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಶುರುವಾಗಿ ಏಪ್ರಿಲ್ 6ರವರೆಗೆ ನಡೆಯಿತು. ಹಾಗಾಗಿ ಪ್ರೌಢಶಾಲೆಯವರು ಯಾವುದಕ್ಕೂ ಸಿಗುತ್ತಿರಲಿಲ್ಲ.

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಬೆಂಗಳೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ, ರಾಯಚೂರು ಕಲಬುರಗಿ ಕಡೆ ಮೇ 7ಕ್ಕೆ. ಟೀಚರ್‌ಗಳಿಗೆ ಚುನಾವಣೆ ಡ್ಯೂಟಿ. ಶೆಡ್ಡಿನವರಿಗೆ ಊರಲ್ಲಿ ಓಟು ಇರುವುದರಿಂದ ಉಗಾದಿಗೆ ಹೋದವರು ಮೇ 7 ಮುಗಿಸಿಕೊಂಡೇ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಇದರ ಜೊತೆಗೆ ನೀರು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಗಳೇ ಆ ಮಾರ್ಚ್‌ನಲ್ಲಿ ಹೇಳಿದ್ದರು. ಈ ಕ್ಲಸ್ಟರಿನ ಶಾಲೆಗಳಲ್ಲೂ ಬೋರ್‌ವೆಲ್ ಕೈಕೊಟ್ಟಿತ್ತು. ನೀರಿಲ್ಲದೆ ಕೆಲವು ಸೈಟುಗಳಲ್ಲಿ ಕೆಲಸ ನಿಧಾನವಾಯಿತು. ಕೆಲಸ ಇಲ್ಲ ಅಂದಮೇಲೆ ಊರಿಗೆ ಬೇಗ ಹೊರಡುತ್ತಾರೆ.

ಈಗ ಏಪ್ರಿಲ್ 10 ನೋಡಿ. ಆ ವರ್ಷ ಉಗಾದಿ ಏಪ್ರಿಲ್ 9, ಮಂಗಳವಾರ. ರಂಜಾನ್ ಹಬ್ಬ 11, ಗುರುವಾರ. ನಡುವಿನ ಬುಧವಾರ ‘ಸಮುದಾಯದತ್ತ ಶಾಲೆ’. ಉಗಾದಿಯ ಮಾರನೇ ದಿನ ಅಂದರೆ ಹೊಸತೊಡಕು. ಬೆಂಗಳೂರಿನ ಸುತ್ತಮುತ್ತ ಅವತ್ತು ಬೆಳಗಿನ ಜಾವದಿಂದಲೇ ಮಟನ್ ಅಂಗಡಿ ಮುಂದೆ ಕ್ಯೂ. ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಇರುವ ಸ್ಥಳೀಯರು ಬರಲ್ಲ. ಮುಸ್ಲಿಂ ಮನೆಗಳಲ್ಲಿ ಹಬ್ಬದ ಹಿಂದಿನ ದಿನದ ಗಡಿಬಿಡಿ. ಶೆಡ್ಡಿನವರು ಉಗಾದಿಗೆ ಮೊದಲೇ ಬಸ್ ಹತ್ತಿರುತ್ತಾರೆ. ಪೋಷಕರು ಬಂದು ಮಕ್ಕಳ ಪ್ರಗತಿ ನೋಡಬೇಕಾದ ದಿನ ಪೋಷಕರೇ ಇರುವುದಿಲ್ಲ.

ದಿನಾಂಕವನ್ನು ಬದಲಿಸಲು ಕ್ಲಸ್ಟರಿಗೆ ಅಧಿಕಾರ ಇಲ್ಲ. ಅದಕ್ಕೇ ಏಪ್ರಿಲ್ 10ರ ಕಾರ್ಯಕ್ರಮವನ್ನು ಹಾಗೇ ಬಿಟ್ಟು, ಅದಕ್ಕೂ ಮೊದಲು ಇನ್ನೊಂದನ್ನು ಮಾಡುವುದು ಅಂತ ತೀರ್ಮಾನವಾಯಿತು. ಮಾರ್ಚ್ 31, ಭಾನುವಾರ, ಬೆಳಿಗ್ಗೆ 8ರಿಂದ. ಶನಿವಾರ ಸಂಜೆ ಬಟವಾಡೆ, ಭಾನುವಾರ ಮಧ್ಯಾಹ್ನ ಸಂತೆ. ಶೆಡ್ಡಿನವರು ಕೈಗೆ ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ. ಈ ಲೆಕ್ಕ ಹೇಳಿಕೊಟ್ಟವರು ಎಸ್‌ಡಿಎಂಸಿಯ ಒಬ್ಬ ತಾಯಿ, ಅವರೂ ಸೆಂಟ್ರಿಂಗ್ ಕೆಲಸದವರು. ಎಸ್‌ಡಿಎಂಸಿಗಳು 2001ರಿಂದ ಇವೆ. ಪೋಷಕರನ್ನು ಬರೀ ಸಹಿಗೆ ಕರೆಯದೆ ಮಾತಿಗೆ ಕರೆದರೆ ಇಂಥದ್ದು ಸಿಗುತ್ತದೆ.

ಭಾನುವಾರ ಅಂದಾಗ ಟೀಚರ್‌ಗಳಲ್ಲಿ ಒಪ್ಪದವರು ಇದ್ದರು. ವಾರವಿಡೀ ಪರೀಕ್ಷೆ, ಮುಂದೆ ಚುನಾವಣೆ ಡ್ಯೂಟಿ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಅದು ನ್ಯಾಯವಾದ ಮಾತು. ಬರಲೇಬೇಕು ಅಂತ ಯಾರಿಗೂ ಹೇಳಲಿಲ್ಲ. ಕೊನೆಗೆ ಹೆಚ್ಚಿನವರು ಬಂದರು.

ಹಾಳೆ ಮತ್ತು ಕಾರ್ಡು

ಸುದ್ದಿ ಹಾಳೆ ಬರೆಯುವ ಕೆಲಸದಲ್ಲಿ ನಾನೂ ಇದ್ದೆ. ಮೊದಲ ಪುಟದ ಮೇಲರ್ಧ ಹೊಸದು. ‘ಊರಿಗೆ ಹೋಗುವ ಮುಂಚೆ’ ಅಂತ ದಪ್ಪ ಅಕ್ಷರದ ತಲೆಬರಹ. ಕೆಳಗೆ ನಾಲ್ಕೇ ಮಾತು. ಮಾರ್ಚ್ 31ಕ್ಕೆ ಬನ್ನಿ. ಮಗುವಿನ ಕಾರ್ಡು ತಗೊಳ್ಳಿ. ಎಲ್ಲೇ ಹೋದರೂ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಕಾರ್ಡು ತೋರಿಸಿ. ಟಿ.ಸಿ. ಇಲ್ಲ ಅಂತ ಸೇರಿಸಿಕೊಳ್ಳದಿದ್ದರೆ ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ.

ಮಕ್ಕಳ ಸುದ್ದಿಯನ್ನು ಕಡಿಮೆ ಮಾಡಲಿಲ್ಲ. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿದ್ದು, 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿದದ್ದನ್ನು ಒಂದೇ ಮೊಬೈಲಿನ ಸುತ್ತ ಕೂತು ನೋಡಿದ್ದು, ಎರಡನ್ನೂ ಮಕ್ಕಳೇ ಬರೆದರು. ಚಂದ್ರಯಾನ ಇಳಿಸಿದ ಕಂಟ್ರೋಲ್ ರೂಮು ನಮ್ಮ ಬೆಂಗಳೂರಿನ ಪೀಣ್ಯದಲ್ಲೇ ಇತ್ತು ಅಂತ ಒಬ್ಬ ಹುಡುಗ ಎರಡು ಸಲ ಬರೆದಿದ್ದ. ಎರಡನ್ನೂ ಇಟ್ಟುಕೊಂಡೆವು.

ಕಾರ್ಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಲ್ಲ ನಿಂತದ್ದು ಅದರ ಮೇಲೆ. ಪ್ರಿಂಟ್ ಮಾಡಿಸಲು ದುಡ್ಡಿರಲಿಲ್ಲ. ಹಳೇ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಮಾಡಿದ್ದು. ಅಕ್ಷರ ಚೆನ್ನಾಗಿರುವ ಏಳನೇ ಕ್ಲಾಸಿನ ಹುಡುಗಿಯರು ಬರೆದರು. ಮಗುವಿನ ಹೆಸರು ದಾಖಲಾತಿ ರಿಜಿಸ್ಟರಿನಲ್ಲಿ ಇರುವ ಹಾಗೇ, ಹುಟ್ಟಿದ ದಿನ, ಮುಗಿಸಿದ ಕ್ಲಾಸು, ಸ್ಯಾಟ್ಸ್ ನಂಬರ್, ಶಾಲೆಯನ್ನು ಗುರುತಿಸುವ, 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಕೋಡ್, ಮುಖ್ಯಶಿಕ್ಷಕರ ಮೊಬೈಲ್ ನಂಬರ್. ಕೆಳಗೆ ಸಹಿ, ಸೀಲು. ಸ್ಯಾಟ್ಸ್ ಅನ್ನುವುದು ಇಲಾಖೆಯ ಆನ್‌ಲೈನ್ ದಾಖಲೆ. ರಾಜ್ಯದ ಯಾವ ಶಾಲೆಯವರಾದರೂ ಆ ನಂಬರ್ ಹಾಕಿದರೆ ಮಗು ಸಿಗುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ಅದೇ ಮಗುವನ್ನು ಹೊಸದಾಗಿ ಸೇರಿಸಿಬಿಡುತ್ತಾರೆ. ಆಮೇಲೆ ಎರಡು ಕಡೆ ಹೆಸರು, ಎರಡು ಕಡೆ ತೊಂದರೆ.

ಕಾರ್ಡು ಬರೆಯುವಾಗಲೇ ಒಂದು ದೊಡ್ಡ ಲಾಭ ಆಯಿತು. ರಿಜಿಸ್ಟರಿನ ಹೆಸರು ಒಂದು, ಆಧಾರ್ ಹೆಸರು ಇನ್ನೊಂದು ಇರುವ ಮಕ್ಕಳು ಎಷ್ಟೋ ಜನ. ಒಂದು ಹುಡುಗಿಯ ಹೆಸರು ಶಾಲೆಯಲ್ಲಿ ‘ಅವ್ವ’ ಅಂತ ಮುಗಿದರೆ ಆಧಾರ್‌ನಲ್ಲಿ ‘ಬಾಯಿ’ ಅಂತ. ಒಬ್ಬ ಹುಡುಗನ ಅಪ್ಪನ ಹೆಸರಿನ ಜಾಗದಲ್ಲಿ ಅವರ ಊರಿನ ಹೆಸರಿತ್ತು. ಮುಂದೆ ಸ್ಕಾಲರ್‌ಶಿಪ್ಪಿಗೆ, ಎಸ್ಸೆಸ್ಸೆಲ್ಸಿ ನೋಂದಣಿಗೆ ಇದೇ ಅಡ್ಡ ಬರುವುದು. ಸರಿ ಮಾಡಲು ಸುಲಭವಾದ ಹೊತ್ತು ಪ್ರಾಥಮಿಕ ಶಾಲೆಯಲ್ಲಿ ಇರುವಾಗಲೇ. ಎಲ್ಲವನ್ನೂ ಸರಿ ಮಾಡಲು ಆಗಲಿಲ್ಲ, ಪಟ್ಟಿಯಂತೂ ಆಯಿತು.

ಟಿ.ಸಿ. ಬಗ್ಗೆ ತುಂಬಾ ಚರ್ಚೆ ನಡೆಯಿತು. ಎಲ್ಲರಿಗೂ ಈಗಲೇ ಕೊಟ್ಟುಬಿಡೋಣ ಅಂತ ಕೆಲವರು. ಕೊಟ್ಟರೆ ಮಗು ಇಲ್ಲಿನ ಲೆಕ್ಕದಿಂದ ಹೋಯಿತು, ಜುಲೈಯಲ್ಲಿ ಇದೇ ಶೆಡ್ಡಿಗೆ ವಾಪಸ್ ಬಂದರೆ ಏನು ಮಾಡುವುದು ಅಂತ ಇನ್ನು ಕೆಲವರು. ಕಾಗದ ಶೆಡ್ಡಿನಲ್ಲಿ ಉಳಿಯುತ್ತದೆಯೇ ಅನ್ನುವ ಪ್ರಶ್ನೆಯೂ ಇತ್ತು. ಮಳೆ ಬಂದರೆ ಸೋರುತ್ತದೆ, ಇಲಿ ಕಾಟ ಬೇರೆ. ಕೊನೆಗೆ ಹೀಗೆ ಮಾಡಿದರು. ಪಕ್ಕದ ಹಿರಿಯ ಶಾಲೆಗೇ ಹೋಗುವವರ ಟಿ.ಸಿ.ಗಳನ್ನು ಮುಖ್ಯಶಿಕ್ಷಕರೇ ಅಲ್ಲಿಗೆ ಮುಟ್ಟಿಸುವುದು, ಪೋಷಕರು ಅಲೆಯಬೇಕಾಗಿಲ್ಲ. ಊರಲ್ಲೇ ಉಳಿಯುತ್ತೇವೆ ಅಂದವರಿಗೆ ಕೈಯಲ್ಲಿ ಕೊಡುವುದು. ಗೊತ್ತಿಲ್ಲ ಅಂದವರಿಗೆ ಬರೀ ಕಾರ್ಡು. ಅವರು ಎಲ್ಲಿಂದ ಫೋನ್ ಮಾಡಿದರೂ ಅವತ್ತೇ ಟಿ.ಸಿ. ಇದು ಸರಿಯಾದ ತೀರ್ಮಾನ. ಆ ಜನ ನಿಜಕ್ಕೂ ‘ಗೊತ್ತಿಲ್ಲ’ ಅನ್ನುವ ಸ್ಥಿತಿಯಲ್ಲೇ ಬದುಕುತ್ತಾರೆ. ಮುಂದಿನ ಸೈಟು ಯಾವುದು ಅಂತ ಹೇಳುವವನು ಮೇಸ್ತ್ರಿ.

ಮಾರ್ಚ್ 31, ಭಾನುವಾರ

ದೊಡ್ಡ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಎಲ್ಲ ಶಾಲೆಗಳದೂ ಸೇರಿ ಒಂದೇ ಕಾರ್ಯಕ್ರಮ. ಚುನಾವಣಾ ನೀತಿಸಂಹಿತೆ ಇದ್ದುದರಿಂದ ರಾಜಕೀಯದವರು ಯಾರನ್ನೂ ಕರೆಯುವಂತಿರಲಿಲ್ಲ. ಬ್ಯಾನರ್ ಇಲ್ಲ, ಹಾರ ತುರಾಯಿ ಇಲ್ಲ, ಭಾಷಣ ಇಲ್ಲ. ಇದರಿಂದ ಉಳಿದ ಸಮಯ ಬಹಳ ದೊಡ್ಡದು. ಬೇರೆ ವರ್ಷ ಮಕ್ಕಳು ಬಣ್ಣ ಹಚ್ಚಿಕೊಂಡು ಬಿಸಿಲಲ್ಲಿ ಅತಿಥಿಗಳಿಗೆ ಕಾಯುತ್ತಿದ್ದರು. ಈ ಸಲ ಹೇಳಿದ ಹೊತ್ತಿಗೆ ಶುರುವಾಯಿತು. ಮಕ್ಕಳು ಸಂವಿಧಾನದ ಪೀಠಿಕೆ ಹೇಳಿದರು. ಆ ವರ್ಷವಿಡೀ ಪ್ರಾರ್ಥನೆ ಹೊತ್ತಿಗೆ ಹೇಳಿ ಹೇಳಿ ಎಲ್ಲರಿಗೂ ಬಾಯಿಪಾಠ ಆಗಿತ್ತು. ಬಹುಮಾನ ಕೊಟ್ಟವರು ಬಿಸಿಯೂಟ ಬಡಿಸುವ ಅಕ್ಕ. ಮಕ್ಕಳು ಅವರ ಕೈಯಿಂದ ತಗೊಳ್ಳುವಾಗ ಕೂಗಿದ ಕೂಗು ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಜನರನ್ನು ಕರೆತಂದಿತು.

ನೀರಿಗೆ ಎಸ್‌ಡಿಎಂಸಿಯವರು ಟ್ಯಾಂಕರ್ ತರಿಸಿದ್ದರು. ಆ ತಿಂಗಳು ಜಿಲ್ಲಾಡಳಿತ ದರ ಗೊತ್ತು ಮಾಡಿತ್ತು, 6,000 ಲೀಟರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ. ಚಿತ್ರಾನ್ನ, ಮಜ್ಜಿಗೆ ಮಾಡಿದ್ದು ಪೋಷಕರೇ.

ಮಕ್ಕಳ ಕೋಲಾಟ ಮುಗಿದ ಮೇಲೆ ಸುರಪುರ ಕಡೆಯ ಒಬ್ಬ ತಾಯಿಯನ್ನು ಉಳಿದ ಹೆಂಗಸರು ತಳ್ಳಿ ತಳ್ಳಿ ಮುಂದೆ ಕಳಿಸಿದರು. ಆಕೆ ಮೈಕ್ ಮುಟ್ಟಲಿಲ್ಲ. ಸೆರಗು ತಲೆಮೇಲೆ ಎಳೆದುಕೊಂಡು ಬೀಸುವ ಪದ ಹಾಡಿದರು. ಮೊದಲ ಸಾಲಿಗೆ ಹಿಂದೆ ಕೂತಿದ್ದ ಹೆಂಗಸರೆಲ್ಲ ದನಿ ಸೇರಿಸಿದರು. ಆಕೆಯ ಮಗಳು ನಾಲ್ಕನೇ ಕ್ಲಾಸು. ಕ್ಲಾಸಿನಲ್ಲಿ ಉತ್ತರ ಕರ್ನಾಟಕದ ಮಾತಾಡಿದರೆ ನಗುತ್ತಾರೆ ಅಂತ ಬಾಯಿ ಬಿಡದ ಹುಡುಗಿ. ಅವತ್ತು ಎದ್ದು ನಿಂತು ನೋಡುತ್ತಿದ್ದಳು.

ಆಮೇಲೆ ಮುಖ್ಯ ಕೆಲಸ. ಮೂರು ಕಿರಿಯ ಶಾಲೆಗಳ 5ನೇ ಕ್ಲಾಸಿನ ಮಕ್ಕಳನ್ನು ಅಪ್ಪ ಅಮ್ಮನ ಜೊತೆಗೇ 6ನೇ ಕ್ಲಾಸಿನ ಕೋಣೆಗೆ ಕರೆದೊಯ್ದರು. ಬೆಂಚಿನ ಮೇಲೆ ಕೂರಿಸಿದರು. ಅಲ್ಲಿನ ಮುಖ್ಯಶಿಕ್ಷಕರು ಒಬ್ಬೊಬ್ಬರ ಹೆಸರು ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಏನಾದರೂ ಕೇಳುವುದಿದ್ದರೆ ಕೇಳಿ ಅಂದರು. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಹುಡುಗಿ ಪಕ್ಕದಲ್ಲಿದ್ದ ಮಿಸ್ ಕಿವಿಯಲ್ಲಿ ಕೇಳಿದಳು, ‘ಇಲ್ಲಿ ಬಾತ್‌ರೂಮಿಗೆ ಚಿಲಕ ಐತೇನ್ರೀ ಮಿಸ್?’ ಇರಲಿಲ್ಲ. ಮುರಿದು ಎಷ್ಟೋ ದಿನ ಆಗಿತ್ತು. ಜೂನ್ ಹೊತ್ತಿಗೆ ಹಾಕಿಸಿದ್ದರು. 11 ವರ್ಷದ ಹುಡುಗಿ ಶಾಲೆಗೆ ಬರುವುದು ಬಿಡುವುದು ಇಂಥ ವಿಷಯಗಳಲ್ಲೇ ಇರುತ್ತದೆ.

ತಾಯಂದಿರಿಗೆ ಕಾರ್ಡು ಕೊಡುವಾಗ ಟೀಚರ್‌ಗಳು ಒಂದೇ ಮಾತು ಹೇಳಿದರು. ರೇಷನ್ ಕಾರ್ಡು, ಆಧಾರ್ ಯಾವ ಕವರಿನಲ್ಲಿ ಇಡುತ್ತೀರೋ ಅದರಲ್ಲೇ ಇದನ್ನೂ ಇಡಿ. ಓದಲು ಬಾರದವರಿಗೂ ಆ ಕವರ್ ಎಲ್ಲಿದೆ ಅಂತ ಸದಾ ಗೊತ್ತಿರುತ್ತದೆ.

ಏಪ್ರಿಲ್ 8

ಸೋಮವಾರ, ಅಮಾವಾಸ್ಯೆ. ಅವತ್ತು ಬೆಳಿಗ್ಗೆ ಶಾಲೆಗಳಲ್ಲಿ 5, 8, 9ನೇ ಕ್ಲಾಸಿನ ಫಲಿತಾಂಶ ಹೇಳಬೇಕಿತ್ತು. ಅವತ್ತೇ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಒಂದು ಶಾಲೆಯಲ್ಲಿ ಬೆಳಿಗ್ಗೆಯೇ ಪಟ್ಟಿ ಅಂಟಿಸಿ ಆಗಿತ್ತು, ಆಮೇಲೆ ತೆಗೆದರು. ಟಿವಿಯಲ್ಲಿ ‘ರಿಸಲ್ಟ್‌ಗೆ ತಡೆ’ ಅಂತ ಓಡುತ್ತಿತ್ತು. ಸಂಜೆ ಬಸ್ಸಿಗೆ ಗಂಟು ಕಟ್ಟಿಕೊಂಡಿದ್ದ ಕೆಲವು ಅಪ್ಪ ಅಮ್ಮ ಶಾಲೆಗೆ ಓಡಿ ಬಂದರು. ತಡೆ ಅಂದರೆ ತಮ್ಮ ಮಗು ಫೇಲು ಅಂತ ಅವರು ತಿಳಿದಿದ್ದರು.

‘ಪಾಸೋ ಫೇಲೋ, ಅಷ್ಟು ಹೇಳ್ರಿ ಮೇಡಮ್ಮೋರ’ ಅಂತ ಒಬ್ಬ ತಾಯಿ. ‘ಅಂಕ ನಾನು ಹೇಳೋ ಹಾಗಿಲ್ಲಮ್ಮಾ. ನಿಮ್ಮ ಮಗಳು ಆರನೇ ಕ್ಲಾಸಿಗೆ ಹೋಗ್ತಾಳೆ, ಅಷ್ಟು ಗ್ಯಾರಂಟಿ. ಕಾರ್ಡ್ ಎಲ್ಲಿ?’ ಅಂತ ಮುಖ್ಯಶಿಕ್ಷಕಿ. ತಾಯಿ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದರು. ಕಾರ್ಡು ಅದರಲ್ಲಿತ್ತು.

ಒಂದು ವಾರದ ಹಿಂದೆ ಆ ಭಾನುವಾರದ ಭೇಟಿ ಆಗದೇ ಇದ್ದಿದ್ದರೆ ಆ ಸಂಜೆ ಎಷ್ಟು ಮಕ್ಕಳು ಫೇಲಾದೆವು ಅಂದುಕೊಂಡು ಊರಿನ ಬಸ್ ಹತ್ತುತ್ತಿದ್ದರು ಅಂತ ಯೋಚನೆ ಬರುತ್ತದೆ. ಕೋರ್ಟಿನಲ್ಲಿದ್ದ ಪ್ರಶ್ನೆ ಗಂಭೀರವಾದದ್ದು. ಇಷ್ಟು ಚಿಕ್ಕ ಮಕ್ಕಳಿಗೆ ಹೀಗೆ ಪಬ್ಲಿಕ್ ಪರೀಕ್ಷೆ ಇಡಬಹುದೇ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಆದರೆ ಅದನ್ನು ಜೂನ್‌ನಲ್ಲಿ ಕೇಳಿ ಮುಗಿಸಬೇಕಿತ್ತು. ಮಾರ್ಚ್ ಏಪ್ರಿಲ್‌ನಲ್ಲಿ ಎಳೆದಾಡಿದಾಗ ಅದರ ಏಟು ಬಿದ್ದದ್ದು 10, 11 ವರ್ಷದ ಮಕ್ಕಳ ಮೇಲೆ.

ಏಪ್ರಿಲ್ 10ರ ಕಾರ್ಯಕ್ರಮ ಅಂದುಕೊಂಡ ಹಾಗೇ ಆಯಿತು. ಕೆಲವೇ ಜನ ಬಂದರು, ಸಹಿ ಆಯಿತು.

ಜೂನ್

ಮೇ ಕೊನೆಗೆ ಶಾಲೆ ತೆರೆದಾಗ 6ನೇ ಕ್ಲಾಸಿನ ಆ ಕೋಣೆಯಲ್ಲಿ ಸ್ಥಳೀಯವಾಗಿ ಉಳಿದಿದ್ದ ಮಕ್ಕಳು ಬಹುಪಾಲು ಎಲ್ಲರೂ ಇದ್ದರು. ಅವರ ಟಿ.ಸಿ.ಗಳು ಅವರಿಗಿಂತ ಮೊದಲೇ ಬಂದಿದ್ದವು. ಊರಿಗೆ ಹೋದವರು ತಡವಾಗಿ, ಬಿತ್ತನೆ ಮುಗಿಸಿ ಬರತೊಡಗಿದರು. ಆ ವರ್ಷ ಮುಂಗಾರು ಚೆನ್ನಾಗಿತ್ತು, ಹಾಗಾಗಿ ಊರಲ್ಲಿ ಕೆಲಸವೂ ಇತ್ತು.

ಕಾರ್ಡಿನ ಮೊದಲ ಫೋನ್ ಬಂದದ್ದು ಯಾದಗಿರಿ ಜಿಲ್ಲೆಯ ಒಂದು ಶಾಲೆಯಿಂದ. ಅಲ್ಲಿನ ಹೆಡ್‌ಮಾಸ್ಟರು ಕಾರ್ಡು ಕೈಯಲ್ಲಿ ಹಿಡಿದೇ ಮಾತಾಡಿದರು. ‘ಮೇಡಂ, ನಿಮ್ಮ ಹುಡುಗ ಇಲ್ಲಿ ಬಂದು ಕುಂತಾನ. ಟಿ.ಸಿ. ಕಳಸ್ರಿ, ನಾ ಇವತ್ತೇ ಹೆಸರ ಹಚ್ಚತೀನಿ.’ ಅರ್ಧ ಗಂಟೆಯ ಕೆಲಸ. ಹೀಗೆ ಇನ್ನೂ ಕೆಲವು ಫೋನ್ ಬಂದವು. ಮುಖ್ಯಶಿಕ್ಷಕಿ ತಮ್ಮ ಹಾಜರಿ ಪುಸ್ತಕದಲ್ಲಿ ‘ಊ’ ಅಂತ ಬರೆದುಕೊಂಡರು. ಬೆಂಗಳೂರಿನದೇ ಇನ್ನೊಂದು ಬದಿಯ ಒಂದು ಶಾಲೆ ಮಾತ್ರ ಕಾರ್ಡು ನೋಡಿಯೂ ಟಿ.ಸಿ. ಇಲ್ಲದೆ ಆಗಲ್ಲ ಅಂತ ಮಗುವನ್ನು ವಾಪಸ್ ಕಳಿಸಿತ್ತು. ಇಲ್ಲಿಂದ ಸಿಆರ್‌ಪಿ ಅಲ್ಲಿನ ಸಿಆರ್‌ಪಿಗೆ ಮಾತಾಡಿದ ಮೇಲೆ ಸೇರಿಸಿಕೊಂಡರು. ಕಾಯ್ದೆಯ 5ನೇ ಸೆಕ್ಷನ್ ಅನ್ನು ಕಾರ್ಡಿನ ಮೇಲೇ ಬರೆಯಬೇಕು ಅಂತ ತೀರ್ಮಾನ ಆದದ್ದು ಆಗ.

ಸೊನ್ನೆಗಳು ಇಲ್ಲವಾಗಲಿಲ್ಲ. ಒಂದು ದೊಡ್ಡ ಕಟ್ಟಡ ಮುಗಿದು ಅದರ ಪಕ್ಕದ ಶೆಡ್ಡುಗಳನ್ನೇ ಕಿತ್ತಿದ್ದರು. ಅಲ್ಲಿದ್ದವರು ದೇವನಹಳ್ಳಿ ಕಡೆ ಹೋದರು ಅಂತ ಯಾರೋ ಹೇಳಿದರು. ಫೋನ್ ಸ್ವಿಚ್ ಆಫ್. ಹೊರ ರಾಜ್ಯಕ್ಕೆ ಹೋದ ಮಕ್ಕಳಿಗೆ ಈ ಕಾರ್ಡು ಎಷ್ಟು ಉಪಯೋಗಕ್ಕೆ ಬಂತೋ ತಿಳಿಯಲಿಲ್ಲ, ಸ್ಯಾಟ್ಸ್ ಇರುವುದು ಕರ್ನಾಟಕಕ್ಕೆ ಮಾತ್ರ. ಅವರಿಗೆ ಹಿಂದಿಯಲ್ಲೂ ಒಂದು ಸಾಲು ಬರೆದುಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅಂತ ಬಿಹಾರದ ಒಬ್ಬ ತಂದೆ ಹೇಳಿದ್ದು ನ್ಯಾಯ.

ನಿಜವಾಗಿ ಸಾಲದೇ ಹೋದದ್ದು 7ನೇ ಕ್ಲಾಸು ಮುಗಿಸಿದ ಹುಡುಗಿಯರ ವಿಷಯದಲ್ಲಿ. ಬೀಳ್ಕೊಡುಗೆ ಚೆನ್ನಾಗಿಯೇ ಆಯಿತು. ಕೇಕು, ಗ್ರೂಪ್ ಫೋಟೊ, ಅಳು ಎಲ್ಲ. ಆದರೆ ಪ್ರೌಢಶಾಲೆಯವರು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇದ್ದುದರಿಂದ ಅವರನ್ನು ಅಲ್ಲಿಗೆ ಕರೆದೊಯ್ದು ಕೂರಿಸಲು ಆಗಲಿಲ್ಲ. ಆ ಶಾಲೆ ಇರುವುದು ಮುಖ್ಯ ರಸ್ತೆಯ ಆಚೆ. ಟಿಪ್ಪರ್, ಟ್ಯಾಂಕರ್ ಓಡಾಡುವ ರಸ್ತೆ, ದಾಟಲು ಸಿಗ್ನಲ್ ಇಲ್ಲ. ಮನೆಯಲ್ಲಿ ತಮ್ಮ ತಂಗಿ ನೋಡಿಕೊಳ್ಳಲು ಜನ ಬೇಕು ಅನ್ನುವ ಕಾರಣಕ್ಕೆ ರಸ್ತೆ ಇನ್ನೊಂದು ಕಾರಣವಾಗಿ ಸೇರಿತು. ಕಾರ್ಡು ಬರೆದುಕೊಟ್ಟ ಹುಡುಗಿಯರಲ್ಲೇ ಕೆಲವರು ಜೂನ್‌ನಲ್ಲಿ 8ಕ್ಕೆ ಬರಲಿಲ್ಲ. ಟೀಚರ್‌ಗಳು ಶೆಡ್ಡಿಗೆ ಹೋಗಿ ಮಾತಾಡಿ ಕೆಲವರನ್ನು ಕರೆತಂದರು, ಎಲ್ಲರನ್ನೂ ಅಲ್ಲ. ತಮ್ಮ ತಂಗಿಯರು ಅಂಗನವಾಡಿಗೆ ಹೋದರೆ ಅಕ್ಕ ಶಾಲೆಗೆ ಬರುತ್ತಾಳೆ. ಶೆಡ್ಡಿನ ಹತ್ತಿರ ಅಂಗನವಾಡಿ ಇರಲಿಲ್ಲ.

ಮುಂದಿನ ವರ್ಷಕ್ಕೆ ಕ್ಲಸ್ಟರ್ ಇಟ್ಟುಕೊಂಡ ಪಟ್ಟಿ ಹೀಗಿತ್ತು. 2025ರಲ್ಲಿ ಉಗಾದಿ ಮಾರ್ಚ್ 30, ರಂಜಾನ್ ಮಾರನೇ ದಿನ, ಏಪ್ರಿಲ್ 10 ಮಹಾವೀರ ಜಯಂತಿ. ಹಾಗಾಗಿ ಪೋಷಕರ ಭಾನುವಾರ ಮಾರ್ಚ್ ಮೂರನೇ ವಾರಕ್ಕೇ ಬರಬೇಕು. ಬರುವ ಟೀಚರ್‌ಗಳಿಗೆ ಬದಲಿ ರಜೆಯನ್ನು ಬಿಇಒ ಕಚೇರಿಯಿಂದ ಬರಹದಲ್ಲೇ ಕೇಳಬೇಕು. ಕಾರ್ಡು ಮೂರು ಭಾಷೆಯಲ್ಲಿ. 7ನೇ ಕ್ಲಾಸಿನವರನ್ನು ಪ್ರೌಢಶಾಲೆಗೆ ಕರೆದೊಯ್ಯುವುದು ಫೆಬ್ರುವರಿಯಲ್ಲೇ, ಎಸ್ಸೆಸ್ಸೆಲ್ಸಿ ಗಡಿಬಿಡಿ ಶುರುವಾಗುವ ಮುಂಚೆ. ರಸ್ತೆ ದಾಟಿಸಲು ಬೆಳಿಗ್ಗೆ ಸಂಜೆ ಒಬ್ಬ ಟ್ರಾಫಿಕ್ ಪೊಲೀಸ್ ಬೇಕು ಅಂತ ಠಾಣೆಗೆ, ಶೆಡ್ಡಿನ ಹತ್ತಿರ ಅಂಗನವಾಡಿ ಬೇಕು ಅಂತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಎಸ್‌ಡಿಎಂಸಿಯಿಂದ ಅರ್ಜಿ. ಎರಡು ಅರ್ಜಿಗೂ ಆ ಸೆಂಟ್ರಿಂಗ್ ಕೆಲಸದ ತಾಯಿಯೇ ಮೊದಲ ಸಹಿ ಹಾಕಿದರು.